ಬೇವಿನ ಎತ್ತಿಗೆ ಮುಖ ಬಂದದ್ದು

ದೇವುವಿನ ಬಲ ಹೆಗಲ ಮೇಲೆ ಹುಣಸೆ ಟೊಂಗೆ ಮುರಿದು ಬಿದ್ದಿತ್ತು. ಶಹಾಪುರದ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಅವನು ಕಕ್ಕೇರಾದ ಮನೆಗೆ ಬಂದ ದಿನವೇ, ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಮಷೀನಿನ ಮೇಲೆ ನೆಂಟರ ಕಣ್ಣು ಬಿತ್ತು. ಮರ ಕೊಯ್ಯುವ ಚೈನ್ ಮಷೀನು ಅದು. ಪೆಟ್ರೋಲು ಹಾಕಿ ಹಗ್ಗ ಜಗ್ಗಿದರೆ ಊರಿಗೆಲ್ಲ ಕೇಳುವಂತೆ ಅಬ್ಬರಿಸುತ್ತ, ಇಬ್ಬರು ಗಂಡಾಳು ಕೊಡಲಿ ಬೀಸಿ ಸುಸ್ತಾಗುವ ಮರವನ್ನು ಒಂದು ಬೀಡಿ ಸೇದುವಷ್ಟರಲ್ಲಿ ನೆಲಕ್ಕೆ ಉರುಳಿಸುತ್ತಿತ್ತು. ಕಾಲುವೆ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಬೆಳೆದ ಬಳ್ಳಾರಿ ಜಾಲಿ ಕೊಯ್ದುಕೊಟ್ಟು, ಆ ಕಟ್ಟಿಗೆಯನ್ನು ಇದ್ದಿಲು ಸುಡುವವರಿಗೆ ಮಾರುವುದು ಗಂಡಹೆಂಡತಿಯ ಹೊಟ್ಟೆಪಾಡು. ದೇವು ಕೊಯ್ಯುತ್ತಿದ್ದ. ಮಲ್ಲಾಬಾಯಿ ಮುಳ್ಳು ಸವರಿ ಹೊರೆ ಕಟ್ಟುತ್ತಿದ್ದಳು.

ಮೊದಲು ಬಂದವನು ದೇವುವಿನ ಅಣ್ಣ ಹಂಪಣ್ಣ. ತಮ್ಮನ ಹೊರಸಿನ ತುದಿಗೆ ಕೂತು, ಚಹಾದ ಬಟ್ಟಲು ಕೈಗೆ ಬಂದ ಮೇಲೆ ಮಾತು ತೆಗೆದ.

"ಮಷೀನು ಸುಮ್ನ ಕುಂತ್ರ ತುಕ್ಕು ಹಿಡೀತದ. ನಾ ಒಯ್ತೀನಿ. ಬಂದದ್ರಾಗ ನಿಮಗೂ ಪಾಲು ಕೊಡ್ತೀನಿ."

ದೇವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಮಷೀನು ಕುಂದ್ರಂಗಿಲ್ಲ, ಭಾವ," ಎಂದಳು ಮಲ್ಲಾಬಾಯಿ. "ನಾನ ನಡಸ್ತೀನಿ."

ಹಂಪಣ್ಣನಿಗೆ ನಗು ಬಂತು. "ಸೀರಿ ಸೆರಗು ಚೈನಿಗಿ ಸಿಕ್ಕಿತಂದ್ರ ಕುತಗಿ ಹೋಗ್ತದ. ಗೊತ್ತದ ಇಲ್ಲ?"

"ಸೀರಿ ಮ್ಯಾಲ ಇವರದ ಅಂಗಿ ಹಾಕ್ಕೊಂತೀನಿ. ನೀವು ಚಾ ಕುಡೀರಿ, ಆರಾಕತ್ತದ."

ಹಂಪಣ್ಣ ಹೋದ ಮೇಲೂ ದೇವು ಈ ಕಡೆ ತಿರುಗಲಿಲ್ಲ. ಮರುದಿನ ಮಲ್ಲಾಬಾಯಿ ಅವನ ಹಳೆಯ ಅಂಗಿ ತೊಟ್ಟು, ಸೆರಗನ್ನು ಒಳಗೆ ಬಿಗಿದು, ತಲೆಗೆ ಟವೆಲ್ ಸುತ್ತಿ, ಮಷೀನು ಹೊತ್ತುಕೊಂಡು ಕಾಲುವೆ ದಂಡೆಗೆ ಹೋದಳು. ಗಂಡ ಕೊಯ್ಯುವುದನ್ನು ಅಷ್ಟು ವರ್ಷ ನೋಡಿದ್ದಳು. ನೋಡುವುದಕ್ಕೂ ಹಿಡಿಯುವುದಕ್ಕೂ ಎಷ್ಟು ಫರಕು ಅನ್ನುವುದು ಮೊದಲ ಮರಕ್ಕೇ ಗೊತ್ತಾಯಿತು. ಚೈನು ಸುತ್ತುವ ಕಬ್ಬಿಣದ ಪಟ್ಟಿ, ಅಂದರೆ ಬಾರು, ಅದರ ಮೂತಿ ಮರದ ಗಂಟಿಗೆ ತಾಗಿದ್ದೇ ತಡ, ಮಷೀನು ಕತ್ತೆಯ ಹಾಗೆ ಹಿಂದಕ್ಕೆ ಒದೆಯಿತು. ಗದ್ದ ಹರಿಯಿತು. ಟವೆಲನ್ನು ಗದ್ದಕ್ಕೆ ಒತ್ತಿ ಹಿಡಿದುಕೊಂಡು ಬಸ್ಸು ಹತ್ತಿ, ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು, ಅಲ್ಲಿಂದ ಸೀದಾ ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು, ಪಂಪು ರಿಪೇರಿ ಮಾಡುವ ಶಹಬಾಜನ ಅಂಗಡಿಗೆ ಹೋದಳು. ಆ ಮಷೀನು ಮಾರಿದ್ದವನೇ ಅವನು.

"ಒದೀತೇನು ಅಕ್ಕಾ?" ಎಂದ ಶಹಬಾಜ, ಗದ್ದ ನೋಡಿ.

"ಒದೀತು. ಹ್ಯಾಂಗ ಒದೀಲಾರ್ದಂಗ ಹಿಡೀಬೇಕು, ಹೇಳಿಕೊಡು."

ಶಹಬಾಜ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಒಂದು ದಿಮ್ಮಿ ಇಟ್ಟು ತೋರಿಸಿದ. ಮೂತಿಯ ಮೇಲಿನ ಅರ್ಧ ಕಟ್ಟಿಗೆಗೆ ತಾಗಬಾರದು, ಎಡಗೈ ಬೆರಳು ಹಿಡಿಕೆಯನ್ನು ಪೂರ್ತಿ ಸುತ್ತಿರಬೇಕು, ಮೈಯನ್ನು ಮಷೀನಿನ ನೇರಕ್ಕೆ ನಿಲ್ಲಿಸದೆ ಒಂದು ಪಕ್ಕಕ್ಕೆ ನಿಲ್ಲಬೇಕು. ಅವಳು ಅಲ್ಲೇ, ಬಸ್ಸಿಗೆ ಕಾಯುವ ಜನರ ಎದುರು, ಗದ್ದಕ್ಕೆ ಪಟ್ಟಿ ಕಟ್ಟಿಕೊಂಡೇ ಆ ದಿಮ್ಮಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಳು.

ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಊರೂರಿಗೆ ಜೆಸಿಬಿ ಬಂತು. ಜಾಲಿಯನ್ನು ಬೇರುಸಮೇತ ಎತ್ತಿ ಒಗೆಯುವ ಯಂತ್ರ ಇರುವಾಗ, ಬುಡ ಉಳಿಸಿ ಮೇಲೆ ಕೊಯ್ಯುವವರನ್ನು ಯಾರು ಕರೆಯುತ್ತಾರೆ? ಕರೆದರೂ ಜೆಸಿಬಿಗೆ ಆಗದ ಕೆಲಸಕ್ಕಷ್ಟೇ. ಹಾಗೆ ಕರೆದವನು ಕಕ್ಕೇರಾದ ಆಚೆ ಹೊಲ ಇದ್ದ ರಂಗಣ್ಣ. ಅವನ ಗುಡಿಸಲ ಗೋಡೆಗೆ ಅಂಟಿಕೊಂಡೇ ಒಂದು ಬೇವಿನ ಬೊಡ್ಡೆ ಇತ್ತು. ಯಂತ್ರ ಹಾಕಿದರೆ ಗೋಡೆ ಬೀಳುತ್ತಿತ್ತು. ನೆಲಕ್ಕೆ ಸಮ ಮಾಡಿಕೊಡು ಎಂದು ಹೇಳಿ ರಂಗಣ್ಣ ಸಂತೆಗೆ ಹೋದ.

ಬೊಡ್ಡೆಯ ಒಂದು ಮಗ್ಗುಲಲ್ಲಿ ಗಂಟು, ಅದರ ಕೆಳಗೆ ಉಬ್ಬು. ನೆರಳಿನಲ್ಲಿ ನಾಯಿಯೊಂದು ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿದ ಹಾಗೆ ಮಲ್ಲಾಬಾಯಿಗೆ ಕಂಡಿತು. ಕಿವಿ ಇರಬೇಕಾದಲ್ಲಿ ಎರಡು ಕಡೆ ಸವರಿದಳು. ಕಿವಿ ಬಂತು. ಕಿವಿ ಬಂದ ಮೇಲೆ ಕತ್ತು ಬೇಡವೇ, ಬೆನ್ನು ಬೇಡವೇ? ಸಂಜೆ ರಂಗಣ್ಣ ಬಂದಾಗ ಬೊಡ್ಡೆ ಹೋಗಿರಲಿಲ್ಲ. ಅಲ್ಲಿ ನಾಯಿ ಮಲಗಿತ್ತು.

"ನಾ ಹೇಳಿದ್ದೇನು, ನೀ ಮಾಡಿದ್ದೇನು?" ಎಂದು ಸಿಟ್ಟಾದ.

"ಬ್ಯಾಡಂದ್ರ ಈಗ ತೆಗೀತೀನ್ರಿ," ಎಂದು ಅವಳು ಹಗ್ಗಕ್ಕೆ ಕೈ ಹಾಕಿದಳು.

ರಂಗಣ್ಣ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅದರ ಬೆನ್ನ ಮೇಲೆ ಕೈ ಆಡಿಸಿದ. "ಇರ್ಲಿ ಬಿಡು," ಎಂದ.

ಅಲ್ಲಿಂದ ಶುರುವಾಯಿತು. ಹೊಲಕ್ಕೆ ಬಂದವರು ನೋಡಿದರು, ಫೋಟೊ ತೆಗೆದರು, ನಮಗೂ ಒಂದು ಎಂದರು. ಮಲ್ಲಾಬಾಯಿ ಹಾಳು ಮಾಡಿದ್ದೂ ಕಡಿಮೆಯೇನಲ್ಲ. ಸುರಪುರದವರಿಗೆ ಮಾಡಿದ ನವಿಲಿನ ಕುತ್ತಿಗೆ ಕೊನೆಯ ಗಳಿಗೆಯಲ್ಲಿ ಕಳಚಿ ಬಿತ್ತು. ಕತ್ತೆಕಿರುಬ ಮಾಡಲು ಹೋದರೆ ನೋಡಿದವನೊಬ್ಬ "ಹಂದಿ ಛಲೋ ಬಂದದ" ಎಂದ. "ಹಂದಿನ ಅದು," ಎಂದು ಅವಳು ಅವನಿಗೇ ಮಾರಿದಳು. ಶಹಬಾಜ ಹೈದರಾಬಾದಿಗೆ ಹೋದಾಗ ಮೂತಿ ಸಣ್ಣಗಿರುವ ಇನ್ನೊಂದು ಬಾರು ತಂದುಕೊಟ್ಟ. ಅದರಿಂದ ಕಣ್ಣು, ಮೂಗಿನ ಹೊಳ್ಳೆ, ಉಗುರು ತೆಗೆಯಲು ಬಂತು. ಇದ್ದಿಲಿನ ಕಸುಬು ಹೋಗಿ ಇದೇ ಅನ್ನ ಹಾಕತೊಡಗಿತು.

ದೇವು ಜೊತೆಗೇ ಇರುತ್ತಿದ್ದ. ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಆದರೆ ಎಷ್ಟು ವರ್ಷ ಮರ ಕೊಯ್ದವನು. ಯಾವ ಕಟ್ಟಿಗೆ ಯಾವ ಕಡೆ ಸೀಳುತ್ತದೆ, ಎಲ್ಲಿ ಒಳಗೆ ಟೊಳ್ಳಿದೆ, ಬಿಸಿಲಿಗೆ ಎಲ್ಲಿ ಬಿರುಕು ಬಿಡುತ್ತದೆ ಎಂದು ತಟ್ಟಿ ಹೇಳುತ್ತಿದ್ದ. ಮಷೀನನ್ನು ಮಂಡಿಗಳ ನಡುವೆ ಹಿಡಿದು ಎಡಗೈಯಿಂದ ಚೈನಿನ ಹಲ್ಲು ಹರಿತ ಮಾಡುತ್ತಿದ್ದ. ಗಿರಾಕಿಗಳ ಜೊತೆ ಮಾತೂ ಅವನದೇ, ಯಾಕೆಂದರೆ ಗಿರಾಕಿಗಳು ಅವನ ಜೊತೆಗೇ ಮಾತಾಡುತ್ತಿದ್ದರು. ಮೈಯೆಲ್ಲ ಕಟ್ಟಿಗೆಯ ಹೊಟ್ಟು ಮೆತ್ತಿಕೊಂಡು ಪಕ್ಕದಲ್ಲೇ ನಿಂತವಳನ್ನು ಬಿಟ್ಟು, ಕಲ್ಲಿನ ಮೇಲೆ ಕೂತವನನ್ನು "ಎಂದು ಮುಗಿಸ್ತೀಯಪ್ಪ?" ಎಂದು ಕೇಳುತ್ತಿದ್ದರು. ಅವಳು ಉತ್ತರ ಕೊಟ್ಟರೂ ತಲೆ ಅವನ ಕಡೆಗೇ ಅಲ್ಲಾಡಿಸುತ್ತಿದ್ದರು. ಇದನ್ನು ಅವಳು ಬಹಳ ದಿನ ಸಹಿಸಿದಳು.

ವಿಶ್ವರಾಧ್ಯ ಶಹಾಪುರ-ಸುರಪುರ ರಸ್ತೆಯ ಮೇಲೆ ಹೊಸ ಹೋಟೆಲು ಕಟ್ಟಿಸುತ್ತಿದ್ದ. ತೊಗರಿಬೇಳೆ ವ್ಯಾಪಾರದಲ್ಲಿ ದುಡ್ಡು ಕಂಡ ಮನೆತನ, ಹಣೆತುಂಬ ವಿಭೂತಿ, ಮಾತು ಮೆತ್ತಗೆ. ಹೋಟೆಲಿನ ಬಾಗಿಲ ಎರಡೂ ಕಡೆ ಎರಡು ಮುದಿ ಬೇವಿನ ಮರಗಳಿದ್ದವು. ಬೋರ್ಡು ಕಾಣುವುದಿಲ್ಲವೆಂದು ಮೇಲಿನದನ್ನೆಲ್ಲ ಆಗಲೇ ಕಡಿಸಿದ್ದ. ಆಳೆತ್ತರದ ಎರಡು ಬುಡ ಬೇರು ಸಮೇತ ನಿಂತಿದ್ದವು.

"ದೇವು, ಇವೆರಡರಾಗ ಎರಡು ಎತ್ತು ಮಾಡಿಕೊಡ್ರಿ," ಎಂದ. "ರಸ್ತಾದ ಕಡಿ ಮುಖ ಮಾಡಿ ಕುಂತಿರಬೇಕು. ಬಂದವರು ಕೈಮುಗದು ಒಳಗ ಬರಬೇಕು."

ದೇವು ಬುಡಗಳನ್ನು ನೋಡುತ್ತ ನಿಂತಿದ್ದ. ಎರಡೂ ಮರ ಮೇಲೆ ಕವಲೊಡೆದ ಜಾಗದಿಂದ ಚೂರು ಮೇಲಕ್ಕೆ ಕಡಿಸಿಕೊಂಡಿದ್ದವು. "ಆ ಕವಲು ಹಂಗ ಉಳಸು," ಎಂದ ಹೆಂಡತಿಗೆ. "ಕೋಡು ಅಲ್ಲೇ ಅವ."

ಕೆಲಸ ಹಿಡಿಯುವ ಮೊದಲು ಮಲ್ಲಾಬಾಯಿ ಪಕ್ಕದ ಊರಿನಲ್ಲಿ ಎತ್ತು ಕಟ್ಟಿದವರ ಮನೆಗೆ ಹೋಗಿ, ಅವರು ಪಿಳಿಪಿಳಿ ನೋಡುತ್ತಿರುವಾಗಲೇ ಎತ್ತಿನ ದವಡೆ, ಕಣ್ಣಿನ ಗುಳಿ, ಮೂಗಿನ ಮೇಲಿನ ಎಲುಬು, ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ಎಲ್ಲವನ್ನೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿ ಬಂದಳು. ಮೊದಲು ಮೈ, ಕೊನೆಗೆ ಮುಖ, ಅದು ಅವಳ ಪದ್ಧತಿ. ಎಡಗಡೆಯ ಎತ್ತಿನ ಬೆನ್ನ ಮೇಲಿನ ಹಿಣಿಲು, ಎದೆ, ಮಡಿಸಿದ ಕಾಲು ತೆಗೆದು, ಆಮೇಲೆ ಮುಖಕ್ಕೆ ಬಂದಳು. ಕಣ್ಣು ತೆರೆದ ದಿನ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಲ್ಲಿಸಿ, ಇಳಿದು ಬಂದು ಅದರ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದ. ಅವನು ಯಾರೂ ಹೇಳದೆ ಮಾಡಿದ್ದು. ಆ ಹೊತ್ತು ಮಲ್ಲಾಬಾಯಿ ಊಟವನ್ನೇ ಮರೆತಳು.

ಬಲಗಡೆಯ ಎತ್ತಿನ ಮೈ ಮುಗಿಯುವ ಹೊತ್ತಿಗೆ ಚೈನು ಹರಿಯಿತು. ದೇವುವನ್ನು ಅಲ್ಲೇ ಬಿಟ್ಟು ಹೊಸ ಚೈನು ತರಲು ಅವಳು ಶಹಾಪುರಕ್ಕೆ ಹೋದಳು. ಶಹಬಾಜನ ಅಂಗಡಿ ತೆರೆದಿರಲಿಲ್ಲ, ಹೀಗಾಗಿ ಆ ದಿನ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನ ವಾಪಸು ಬಂದು ಬಸ್ಸಿಳಿದಳು. ಹೋಟೆಲಿನ ಎದುರು, ರಸ್ತೆಯ ಆ ಕಡೆ, ಆಮೀನಾಳ ಚಹಾದಂಗಡಿ. ಮಲ್ಲಾಬಾಯಿಗೆ ಮಧ್ಯಾಹ್ನದ ಚಹಾ ಕೊಡುತ್ತಿದ್ದವಳು.

"ನಿನ್ನ ಗಂಡ ಮೊಬೈಲಿನ್ಯಾಗ ಬಂದಾನ, ನೋಡು ಬಾ," ಎಂದು ಆಮೀನಾ ಕರೆದಳು.

ನೋಡಿದಳು. ದೇವು, ಕೊಯ್ಯುವಾಗ ಕಣ್ಣಿಗೆ ಹೊಟ್ಟು ಬೀಳದಿರಲೆಂದು ಅವಳು ಹಾಕುವ ಕನ್ನಡಕ ಹಾಕಿಕೊಂಡು, ಅವಳ ಮಷೀನನ್ನು ಹೊಟ್ಟೆಗೆ ಆನಿಸಿಕೊಂಡು ಎತ್ತಿನ ಪಕ್ಕದಲ್ಲಿ ನಿಂತಿದ್ದ. ಚೈನೇ ಇಲ್ಲದ ಮಷೀನು. ಆದರೂ ವಿಡಿಯೊದಲ್ಲಿ ಗುರ್ ಎನ್ನುವ ಸದ್ದು ಸೇರಿಸಿದ್ದರು. ಕೆಳಗೆ ವಿಶ್ವರಾಧ್ಯನ ಹೋಟೆಲಿನ ಹೆಸರು. ತಲೆ ಎತ್ತಿ ರಸ್ತೆಯಾಚೆ ನೋಡಿದರೆ ಎಡಗಡೆಯ ಎತ್ತಿನ ಪಾದದ ಹತ್ತಿರ ಹೊಸ ಹಲಗೆ ಹೊಡೆದಿದ್ದರು: ಕಲಾವಿದ ದೇವು ನಾಯಕ, ಕಕ್ಕೇರಾ.

ಅವಳು ರಸ್ತೆ ದಾಟಿದಳು. ವಿಶ್ವರಾಧ್ಯ ಗಲ್ಲಾದ ಮೇಜಿಗೆ ಬಣ್ಣ ಹೊಡೆಸುತ್ತಿದ್ದ.

"ಸಾವ್ಕಾರ್ರ, ಆ ಹಲಗಿ ಯಾರದು?"

"ನಿಂದೇ ಮನೀದು," ಎಂದ ವಿಶ್ವರಾಧ್ಯ ನಗುತ್ತ. "ಯಾರ ಹೆಸರಿದ್ರೇನವ್ವಾ, ಬರೋದೆಲ್ಲ ಒಂದ ಒಲಿಗಿ ಅಲ್ಲೇನು?"

"ಒಲಿ ಒಂದ ಅದರಿ. ಕೈ ಬ್ಯಾರೆ."

ವಿಶ್ವರಾಧ್ಯ ಅವಳನ್ನು ಪಕ್ಕಕ್ಕೆ ಕರೆದ. ದನಿ ಇನ್ನೂ ಮೆತ್ತಗೇ ಇತ್ತು. "ನೋಡು ತಂಗಿ, ಎತ್ತು ನಮಗ ದೇವರಿದ್ದಂಗ. ಹೆಣ್ಮಗಳು ಮಷೀನ್ ಹಿಡದು ಅದರ ಮೈಮ್ಯಾಲ ಕಾಲಿಟ್ಟು ಕೊಯ್ದಾಳ ಅಂದ್ರ, ಬಂದವರು ಕೈಮುಗೀತಾರೋ ನಗತಾರೋ? ನೀನ ಹೇಳು."

"ಕೊಯ್ಯೋ ಮುಂದ ನಾ ಹೆಣ್ಮಗಳಂತ ನಿಮಗ ಗೊತ್ತಿರಲಿಲ್ಲೇನ್ರಿ?"

"ಕೆಲಸ ಯಾರರೆ ಮಾಡ್ಲಿ, ಹೆಸರಿನ ಮಾತು ಬ್ಯಾರೆ."

"ಹಂಗಾದ್ರ ಆ ಎತ್ತಿನ ಮುಖ ನಿಮ್ಮ ಕಲಾವಿದನ ಕೈಲೆ ಮಾಡಿಸ್ಕೋರಿ," ಎಂದು ಮಲ್ಲಾಬಾಯಿ ಹೊರಗೆ ಬಂದಳು. ಮಷೀನು, ಪೆಟ್ರೋಲಿನ ಡಬ್ಬಿ, ಅರ, ಎಲ್ಲ ಚೀಲಕ್ಕೆ ತುಂಬಿದಳು. ದೇವು ಎದ್ದು ಎರಡು ಹೆಜ್ಜೆ ಅವಳ ಹಿಂದೆ ಬಂದ. ಅವಳು ತಿರುಗಿ ನೋಡದೆ ಬಸ್ಸಿಗೆ ಕೈ ಮಾಡಿದಳು. ಬಲಗಡೆಯ ಎತ್ತು ಹಾಗೇ ಉಳಿಯಿತು. ಮೇಲೆ ಕೋಡು, ಕೆಳಗೆ ಎದೆ, ನಡುವೆ ಮುಖ ಇರಬೇಕಾದಲ್ಲಿ ಒರಟು ತೊಗಟೆ.

ಸಂಜೆ ರೊಟ್ಟಿ ಬಡಿಯುತ್ತಿರುವಾಗ ದೇವು ಬಂದು ಒಲೆಯ ಹತ್ತಿರ ಕೂತ.

"ಯಾಕ ಹಿಡದಿ ಮಷೀನು?" ಎಂದಳು, ಹಿಟ್ಟಿನಿಂದ ಕಣ್ಣೆತ್ತದೆ.

ಅವನು ಒಲೆಯ ಕಟ್ಟಿಗೆ ಮುಂದಕ್ಕೆ ನೂಕಿದ. "ಹಿಡಿ ಅಂದ್ರು. ಹಿಡೀಬೇಕನಿಸ್ತು. ಒಂದು ಗಳಿಗಿ ಮದಲಿನ್ಹಂಗ ಇದ್ದಂಗ ಆತು." ಆಮೇಲೆ, "ಹಲಗಿದು ನನಗ ಗೊತ್ತಿರಲಿಲ್ಲ," ಎಂದ.

"ಗೊತ್ತಾದ ಮ್ಯಾಲ?"

ಅವನು ಎಡಗೈಯಿಂದ ಬಲ ಹೆಗಲು ತಿಕ್ಕಿಕೊಂಡ. ಮಲ್ಲಾಬಾಯಿ ಆ ಹೆಗಲು ನೋಡಿದಳು. ಟೊಂಗೆ ಬೀಳುವ ಮೊದಲು, ಮರದ ತುದಿಯಲ್ಲಿ ಒಂದೇ ಕಾಲ ಮೇಲೆ ನಿಂತು ಕೆಳಗೆ ನಿಂತವಳಿಗೆ ದೂರ ಹೋಗು ಎಂದು ಕೂಗುತ್ತಿದ್ದ ಮನುಷ್ಯ ಅವನು. ಆದರೆ ಕನಿಕರ ಬಂತೆಂದು ಸಿಟ್ಟು ಹೋಗಲಿಲ್ಲ.

"ನಿನ್ನ ಹೆಗಲು ಹೋದದ್ದಕ್ಕ ನನಗೂ ಸಂಕಟ ಅದ," ಎಂದಳು. "ನಾನೇನು ಕಣ್ಣಿಲ್ದಾಕಿ ಅಲ್ಲ. ಆದ್ರ ಅದಕ್ಕ ನನ್ನ ಕೈ ಕೊಡಾಕ ಆಗಂಗಿಲ್ಲ. ರೊಟ್ಟಿ ತಿನ್ನು."

ಹೋಟೆಲಿನ ಉದ್ಘಾಟನೆ ಹತ್ತಿರ ಬಂದಿತ್ತು. ವಿಶ್ವರಾಧ್ಯ ಹಂಪಣ್ಣನನ್ನು ಕರೆಸಿದ. ಹಂಪಣ್ಣ ಈ ನಡುವೆ ತನ್ನದೇ ಒಂದು ಮಷೀನು ಕೊಂಡಿದ್ದ. ತಮ್ಮನ ಹೆಂಡತಿ ಮಾಡುವುದನ್ನು ತಾನು ಮಾಡಲಾರೆನೇ ಎಂದು ಬಂದು ನಿಂತ. ರಸ್ತೆ ಬದಿಯ ಮರಗಳಿಗೆ ಜನ ಬೋರ್ಡು ಹೊಡೆಯುತ್ತಾರೆ. ಬೋರ್ಡು ಬೀಳುತ್ತದೆ, ಮೊಳೆ ಮರದೊಳಗೆ ಸೇರಿಹೋಗುತ್ತದೆ. ಅಂಥ ಒಂದು ಮೊಳೆಗೆ ಹಂಪಣ್ಣನ ಚೈನು ತಗುಲಿತು. ಕಿಡಿ ಹಾರಿತು, ಬಾರು ಜಾರಿ ಎತ್ತಿನ ಕುತ್ತಿಗೆಯ ಮೇಲೆ ಒಂದು ಗೇಣಿನ ಕಚ್ಚು ಬಿತ್ತು, ಚೈನು ಕಿತ್ತುಹೋಯಿತು. ಹಂಪಣ್ಣನಿಗೆ ಪೆಟ್ಟಾಗಲಿಲ್ಲ. ಆದರೆ ಮಷೀನು ಅಲ್ಲೇ ಒಗೆದು ರಸ್ತೆಯವರೆಗೆ ಓಡಿಹೋಗಿದ್ದನ್ನು ಆಮೀನಾ ಮಲ್ಲಾಬಾಯಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದಳು.

ಉದ್ಘಾಟನೆಯ ದಿನ ಬೆಳಿಗ್ಗೆ ಮಲ್ಲಾಬಾಯಿ ಅಂಗಿ ತೊಟ್ಟು, ಟವೆಲ್ ಸುತ್ತಿ, ಮಷೀನು ಹೊತ್ತು ಬಸ್ಸು ಹತ್ತಿದಳು. ಎಲ್ಲಿಗೆ ಎಂದು ದೇವು ಕೇಳಿದ. "ಕೆಲಸಕ್ಕ," ಎಂದಳು.

ಆಮೀನಾಳ ಅಂಗಡಿಯ ಪಕ್ಕ, ಆಮೀನಾಳದೇ ಜಾಗದಲ್ಲಿ, ಯಾವಾಗಲೋ ಬಿದ್ದ ಜಾಲಿ ಮರದ ದಪ್ಪ ದಿಮ್ಮಿ ಇತ್ತು. "ಇದನ್ನ ತಗೊಂತೀನಿ," ಎಂದಳು ಮಲ್ಲಾಬಾಯಿ. "ತಗೋ. ಅಡ್ಡ ಬಿದ್ದಿತ್ತು," ಎಂದಳು ಆಮೀನಾ. ರಸ್ತೆಯಾಚೆ ಶಾಮಿಯಾನ, ಹೂವು, ಸಾಲು ಸಾಲು ಕಾರು. ಬಲಗಡೆಯ ಎತ್ತಿನ ಮುಖಕ್ಕೆ ಹಳದಿ ಬಟ್ಟೆ ಸುತ್ತಿ ಹೂವಿನ ಹಾರ ಹಾಕಿದ್ದರು. ಒಳಗೆ ಪೂಜೆ ನಡೆದಿತ್ತು. ಅದು ಮುಗಿಯುವ ತನಕ ಮಲ್ಲಾಬಾಯಿ ಕೈಕಟ್ಟಿ ಕೂತಳು. ಪೂಜೆ ಮುಗಿದು ಜನ ಊಟಕ್ಕೆ ಏಳುತ್ತಿದ್ದ ಹಾಗೆ ಹಗ್ಗ ಜಗ್ಗಿದಳು.

ರಸ್ತೆಯಾಚೆಯ ಅಷ್ಟೂ ತಲೆ ಈ ಕಡೆ ತಿರುಗಿದವು.

ಅವಳು ತೋಳ ಮಾಡತೊಡಗಿದಳು. ಚಿಕ್ಕವಳಿದ್ದಾಗ ಕುರಿ ಹಿಂದೆ ಹೋದಲ್ಲಿ, ಗುಡ್ಡದ ಇಳಿಜಾರಿನಲ್ಲಿ ನಿಂತು ತನ್ನನ್ನೇ ದಿಟ್ಟಿಸಿದ ತೋಳವನ್ನು ಅವಳು ಮರೆತಿರಲಿಲ್ಲ. ಜಾಲಿ ಕಟ್ಟಿಗೆ ಕಬ್ಬಿಣದಷ್ಟು ಗಟ್ಟಿ, ಹೊಟ್ಟು ಕೆಂಪಗೆ ಹಾರುತ್ತಿತ್ತು. ಮೊದಲು ಹುಡುಗರು ಬಂದರು, ಆಮೇಲೆ ಡ್ರೈವರುಗಳು, ಆಮೇಲೆ ಊಟದ ತಟ್ಟೆ ಕೈಯಲ್ಲೇ ಹಿಡಿದುಕೊಂಡು ಹೆಂಗಸರು. ಆ ಕಡೆಯ ಎತ್ತು ಯಾರು ಮಾಡಿದ್ದೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಎತ್ತಿನ ಬೆನ್ನ ಮೇಲೆ ಇದ್ದ ಕೊಯ್ತದ ಗುರುತು ಈ ತೋಳದ ಬೆನ್ನ ಮೇಲೂ ಅವರ ಕಣ್ಣೆದುರೇ ಮೂಡುತ್ತಿತ್ತು.

ವಿಶ್ವರಾಧ್ಯ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಳ್ಳುತ್ತ ರಸ್ತೆ ದಾಟಿ ಬಂದ.

"ಮಷೀನ್ ಬಂದ್ ಮಾಡು. ನನ್ನ ಕಾರ್ಯಕ್ರಮ ಕೆಡಸಾಕ ಬಂದೀಯೇನು?"

ಅವಳು ಬಂದ್ ಮಾಡಿದಳು. ಮಾತು ಎಲ್ಲರಿಗೂ ಕೇಳಲಿ ಎಂದೇ ಬಂದ್ ಮಾಡಿದಳು. "ರಸ್ತಾದ ಆಕಡಿ ನಿಮ್ದು, ಈಕಡಿ ಆಮೀನಾಂದು. ನಾ ನನ್ನ ಕೆಲಸ ಮಾಡಾಕತ್ತೀನ್ರಿ."

"ಇಷ್ಟು ಜಿದ್ದು ಹೆಣ್ಮಕ್ಕಳಿಗಿ ಛಲೋ ಅಲ್ಲ."

"ಹಲಗಿ ತೆಗೀರಿ, ಜಿದ್ದು ಬಿಡ್ತೀನಿ."

ಅಷ್ಟರಲ್ಲಿ ಇನ್ನೊಂದು ಬಸ್ಸಿನಿಂದ ದೇವು ಇಳಿದ. ವಿಶ್ವರಾಧ್ಯನಿಗೆ ಅವನನ್ನು ಕಂಡು ಜೀವ ಬಂದಂತಾಯಿತು. "ಬಾರಪ್ಪ ದೇವು. ನಿನ್ನ ಹೆಂಡ್ತಿಗಿ ಸ್ವಲ್ಪ ಬುದ್ಧಿ ಹೇಳು."

ದೇವು ಗುಂಪಿನ ನಡುವೆ ಬಂದು ನಿಂತ. "ನಾ ಏನ ಹೇಳ್ಲಿರಿ ಸಾವ್ಕಾರ್ರ," ಎಂದ. "ಆ ಎತ್ತು ನಾ ಮಾಡಿದ್ದಲ್ಲ. ಇಕಿ ಮಾಡ್ಯಾಳ. ನನ್ನ ಕೈ ನೋಡ್ರಿ." ಬಲಗೈ ಎತ್ತಿದ. ಅದು ಎದೆಯ ತನಕ ಬಂದು ನಿಂತಿತು. "ಇದಕ್ಕಿಂತ ಮ್ಯಾಲ ಏಳಂಗಿಲ್ಲ. ಮೊಬೈಲಿನ್ಯಾಗ ನಿಂತದ್ದು ಸುಳ್ಳು."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೇವು ಕೈ ಇಳಿಸಲಿಲ್ಲ. ನಕ್ಕವನ ಕಡೆಗೇ ತಿರುಗಿ, ಅವನು ಸಾಕಾಗುವಷ್ಟು ನೋಡಲಿ ಎಂಬಂತೆ, ಆ ಕೈಯನ್ನು ಹಾಗೇ ಹಿಡಿದ. ಮಲ್ಲಾಬಾಯಿ ಹಗ್ಗ ಜಗ್ಗಿದಳು. ಮತ್ತೆ ಯಾರ ಮಾತೂ ಯಾರಿಗೂ ಕೇಳದಂತಾಯಿತು.

ಆ ದಿನ ಹಲಗೆ ಇಳಿಯಲಿಲ್ಲ. ವಿಶ್ವರಾಧ್ಯ ಮೆತ್ತಗೆ ಮಾತಾಡುವ ಮನುಷ್ಯನಾದರೂ ಅವನಿಗೂ ಜಿದ್ದಿತ್ತು. ಮಲ್ಲಾಬಾಯಿಗೆ ಬರಬೇಕಿದ್ದ ಒಂದೆರಡು ಕೆಲಸ ತಪ್ಪಿದವು. ಸಾವ್ಕಾರರ ಎದುರು ನಿಂತವಳು ನಮಗ್ಯಾಕೆ ಎಂದರು. ಓಣಿಯ ಹೆಂಗಸರು ಗಂಡನನ್ನು ನಡುರಸ್ತೆಯಲ್ಲಿ ನಿಲ್ಲಿಸಿದಳೆಂದು ಆಡಿಕೊಂಡರು. ಅವಳು ತೋಳವನ್ನು ಆಮೀನಾಳ ಅಂಗಡಿಯ ಮುಂದೆಯೇ ನಿಲ್ಲಿಸಿ ಬಂದಿದ್ದಳು. ಅದನ್ನು ನೋಡಿ ದೂರದವರು, ಈ ತಕರಾರು ಗೊತ್ತಿಲ್ಲದವರು ಕರೆಯತೊಡಗಿದರು. ಕಡೇಚೂರಿನಲ್ಲಿ ಒಬ್ಬರ ಮನೆಯ ಅಂಗಳಕ್ಕೆ ಕುರಿಮರಿ, ಗುರುಮಠಕಲ್ಲಿನಲ್ಲಿ ಒಬ್ಬರಿಗೆ ಕುದುರೆ. ಗುರುಮಠಕಲ್ಲಿನವನು ತೆಲುಗಿನಲ್ಲಿ ದೇವುವಿನ ಕಡೆ ನೋಡಿ ಮಾತು ಶುರು ಮಾಡಿದಾಗ ದೇವುವೇ ಹೆಂಡತಿಯ ಕಡೆ ಬೆರಳು ತೋರಿಸಿ, ಆಕೆಯನ್ನೇ ಕೇಳಿ ಎಂದು ತೆಲುಗಿನಲ್ಲೇ ಹೇಳಿದ: "ಆಮೆನಿ ಅಡಗಂಡಿ."

ಬೇಸಿಗೆ ಕಳೆದು ಒಂದು ಮಳೆ ಬಿತ್ತು. ಬಲಗಡೆಯ ಎತ್ತಿನ ಬುಡದಲ್ಲಿ ಬೇರು ಬದುಕಿತ್ತು. ಮೈಯ ತೊಗಟೆಯೆಲ್ಲ ಹೋದರೂ ಮುಖದ ಜಾಗದಲ್ಲಿ ಉಳಿದಿತ್ತಲ್ಲ, ಅಲ್ಲಿಂದ ಎತ್ತಿಗೆ ಚಿಗುರೊಡೆಯಿತು. ಕೋಡುಗಳ ನಡುವೆ, ಕಣ್ಣು ಮೂಗಿನ ಬದಲು, ಕೆಂಪು ಎಳೆ ಬೇವಿನೆಲೆ. ಡ್ರೈವರುಗಳು ಆ ಹೋಟೆಲಿಗೆ 'ಮುಖ ಇಲ್ಲದ ಎತ್ತು' ಎಂದೇ ಹೆಸರಿಟ್ಟರು. ವಿಶ್ವರಾಧ್ಯ ದುಡ್ಡು ಕೊಟ್ಟು ಹಾಕಿಸಿದ್ದ ಹೆಸರನ್ನು ಯಾರೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಕಕ್ಕೇರಾದ ಮನೆಯ ಮುಂದೆ ಆಟೊ ನಿಂತಿತು. ವಿಶ್ವರಾಧ್ಯನ ತಾಯಿ ಗೊಲ್ಲಾಳಮ್ಮ, ಸೊಂಟ ಹಿಡಿದುಕೊಂಡು ಇಳಿದಳು.

"ನನ್ನ ಮಗ ಬರಂಗಿಲ್ಲ, ಅದಕ್ಕ ನಾ ಬಂದೀನಿ," ಎಂದಳು ನೀರು ಕುಡಿದು. "ದಿನಾ ಮುಂಜಾನಿ ಆ ಎತ್ತಿನ ಮುಂದ ಹಾಯ್ತೀನಿ. ಮುಖ ಇಲ್ಲದ್ದಕ್ಕ ಹ್ಯಾಂಗ ಕೈಮುಗೀಲಿ? ಮುಗಿಸಿಕೊಡವ್ವಾ."

"ಮುಗಸ್ತೀನಿ, ಯವ್ವಾ. ಹಲಗಿ ತೆಗೀಲಿ. ನನ್ನ ಹೆಸರು ನಾನ ಕೊಯ್ತೀನಿ, ಎತ್ತಿನ ಬುಡದಾಗ. ಕೊಯ್ಯೋ ಮುಂದ ನಿಮ್ಮ ಮಗ ಅಲ್ಲಿ ನಿಂತಿರಬೇಕು."

"ಅಷ್ಟೂ ಅಂವ ಒಪ್ಪಂಗಿಲ್ಲ."

"ಒಪ್ಪಲಿಲ್ಲಂದ್ರ ಬಿಡ್ಲಿ. ನನಗೇನು ಅವಸರ ಇಲ್ಲ. ಚಿಗರು ಛಲೋ ಬಂದದ ಅಂತಾರ."

ಗೊಲ್ಲಾಳಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದ ದೇವು ಒಳಗೆ ಸರಿದ. ಮುದುಕಿ ಬೈಯಲಿಲ್ಲ. "ನಾ ಬಾಳೇವು ಮಾಡಿದ ಮನ್ಯಾಗ ನಂದೂ ಒಂದು ಮಾತು ನಡೀಲಿಲ್ಲ," ಎಂದಳು. "ನಿಂದರೆ ನಡೀತದೇನೋ ನೋಡ್ತೀನಿ." ಎದ್ದು ಆಟೊ ಹತ್ತಿದಳು.

ಮನೆಯಲ್ಲಿ ತಾಯಿ ಮಗನ ನಡುವೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಗೊಲ್ಲಾಳಮ್ಮ ಹೋಟೆಲಿನ ಮುಂಬಾಗಿಲು ಬಿಟ್ಟು ಹಿಂದಿನ ಪಾತ್ರೆ ತೊಳೆಯುವ ಬಾಗಿಲಿನಿಂದ ಓಡಾಡತೊಡಗಿದಳು ಎನ್ನುವುದನ್ನು ಆಮೀನಾ ನೋಡಿದ್ದಳು. ಕೆಲವು ದಿನಗಳ ಮೇಲೆ ಆಮೀನಾಳದೇ ಫೋನು ಬಂತು. "ಹಲಗಿ ಇಳದದ. ಹೇಳಿ ಕಳಿಸ್ಯಾರ, ಬಾ."

ಮಲ್ಲಾಬಾಯಿ ಏಳನೇ ಇಯತ್ತೆ ತನಕ ಓದಿದ್ದಳು. ಬರೆಯುವುದು ಬರುತ್ತಿತ್ತು. ಮಷೀನಿನಿಂದ ಬರೆಯುವುದು ಬೇರೆ. ಬಾರು ನೇರ ಹೋಗುತ್ತದೆ, ಕನ್ನಡದ ಅಕ್ಷರ ಎಲ್ಲವೂ ದುಂಡಗೆ. ಹಿತ್ತಲಿನಲ್ಲಿ ಹಲಗೆಗಳ ಮೇಲೆ 'ಮ' ಕೊಯ್ದು, 'ಬಾ' ಕೊಯ್ದು, 'ಲ್ಲಾ' ಅನ್ನುವುದಕ್ಕೆ ಹಲಗೆ ಮೇಲೆ ಹಲಗೆ ಹಾಳು ಮಾಡಿದಳು. "ನಿಂದೂ ಹಾಕ್ಲೇನು?" ಎಂದು ದೇವುವನ್ನು ಕೇಳಿದಳು. "ಕೋಡು ನೋಡಿದಾವ ನೀನ."

"ಬ್ಯಾಡ," ಎಂದ ಅವನು, ಅರ ಆಡಿಸುತ್ತ. "ನನ್ನ ಹೆಸರು ಆ ಹಲಗಿ ಮ್ಯಾಲ ಸಾಕಷ್ಟು ದಿನ ಇತ್ತು."

ಎತ್ತಿಗೆ ಮುಖ ಬರಲು ಹಂಪಣ್ಣ ಹಾಕಿದ ಕಚ್ಚು ದೊಡ್ಡ ಅಡ್ಡಿಯಾಯಿತು. ಅದನ್ನು ಸವರಿ ತೆಗೆದರೆ ಕುತ್ತಿಗೆ ತೆಳ್ಳಗಾಗುತ್ತಿತ್ತು. ಮಲ್ಲಾಬಾಯಿ ಎತ್ತಿನ ತಲೆಯನ್ನೇ ಒಂದಿಷ್ಟು ಆ ಕಡೆಗೆ ತಿರುಗಿಸಿ, ಕಚ್ಚನ್ನು ಕುತ್ತಿಗೆಯ ಮಡಿಕೆ ಮಾಡಿದಳು. ಹೀಗಾಗಿ ಎಡಗಡೆಯ ಎತ್ತು ರಸ್ತೆಯನ್ನು ನೋಡಿದರೆ, ಬಲಗಡೆಯದು ಬಾಗಿಲಲ್ಲಿ ಬರುವವರನ್ನೇ ಓರೆಯಾಗಿ ನೋಡುತ್ತದೆ. ಮೊಳೆ ಎಲ್ಲಿದೆಯೆಂದು ದೇವು ಮೊದಲೇ ತಟ್ಟಿ ಗುರುತು ಮಾಡಿದ್ದ. ಮೂಗಿನ ಹೊಳ್ಳೆ ತೆಗೆಯುವಾಗ ಗೊಲ್ಲಾಳಮ್ಮ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದಳು. ಹೊಟ್ಟು ಹಾರಿ ಬಂದು ಮಡಿಲು ತುಂಬಿದರೂ ಏಳಲಿಲ್ಲ.

ವಿಶ್ವರಾಧ್ಯ ಗಲ್ಲಾ ಬಿಟ್ಟು ಕದಲಲಿಲ್ಲ. ಕಣ್ಣು ಮುಗಿದು ಅವಳು ಬುಡಕ್ಕೆ ಕೂತಾಗ, ಮಷೀನು ಬಂದ್ ಮಾಡಿ, ಗಲ್ಲಾದ ಕಡೆ ನೋಡುತ್ತ ಕಾಯ್ದಳು. ಒಳಗಿನ ಗಿರಾಕಿಗಳೂ ಊಟ ನಿಲ್ಲಿಸಿ ಅವನನ್ನೇ ನೋಡತೊಡಗಿದರು. ಕೊನೆಗೆ ಎದ್ದು ಬಂದ.

"ಹೆಸರು ಸಣ್ಣಗ ಬರಿ," ಎಂದ ತಗ್ಗಿದ ದನಿಯಲ್ಲಿ.

"ಮಷೀನಿಗಿ ಸಣ್ಣ ಅಕ್ಷರ ಬರಂಗಿಲ್ರಿ," ಎಂದಳು ಮಲ್ಲಾಬಾಯಿ, ಹಗ್ಗ ಜಗ್ಗಿದಳು. ಅಂಗೈ ಅಗಲದ ಅಕ್ಷರ. 'ಲ್ಲಾ' ಸ್ವಲ್ಪ ಸೊಟ್ಟಗಾಯಿತು. ಬಸ್ಸಿನಲ್ಲಿ ಕೂತವರಿಗೂ ಓದಲು ಬರುತ್ತದೆ.

ಈಗ ವಿಶ್ವರಾಧ್ಯನ ಮಾತು ಬೇರೆಯಾಗಿದೆ. ಯಾದಗಿರಿಯಿಂದ, ಕಲಬುರಗಿಯಿಂದ ಬಂದವರಿಗೆ ಎತ್ತುಗಳನ್ನು ತೋರಿಸಿ, "ನಮ್ಮ ಭಾಗದ ಹೆಣ್ಮಗಳು ಮಾಡಿದ್ದು, ಆಕಿನ್ನ ನಾನ ಹುಡುಕಿ ತಂದೀನಿ," ಎಂದು ಹೇಳುತ್ತಾನಂತೆ. ಆಮೀನಾ ಇದನ್ನು ಹೊಟ್ಟೆ ಉರಿದುಕೊಂಡು ಹೇಳಿದಾಗ ಮಲ್ಲಾಬಾಯಿ ಚಹಾ ಊದಿ ಕುಡಿಯುತ್ತಿದ್ದಳು.

"ಹೇಳ್ಲಿ ಬಿಡು," ಎಂದಳು. "ಹಿಂದಿನ ಅಂಗಳಕ್ಕ ಒಂದು ನಂದಿಕೋಲು ಹೊತ್ತಾವನ್ನ ಮಾಡಿಕೊಡು ಅಂತ ಕೇಳ್ಯಾನ. ಹುಡುಕಿ ತಂದವರಿಗಿ ರೇಟು ಜಾಸ್ತಿ ಅಂತ ಹೇಳೀನಿ."